ಒಂಬತ್ತನೆಯ ಪರೀಕ್ಷೆ

ಕರಡಿಯ ಮೊದಲ ಏಟಿಗೆ ಭಾವನ ಟೋಪಿ ಹಾರಿತು. ಎರಡನೆಯದಕ್ಕೆ ಕೆನ್ನೆ ಕಿವಿಯವರೆಗೆ ಸೀಳಿತು. ಕೂಗಲು ಬಾಯಿ ತೆರೆದವನು ಬಿಳಿ ಬಂಡೆಯ ಮೇಲೆ ಅಂಗಾತ ಬಿದ್ದ. ಕರಡಿ ಎದೆಯ ಮೇಲೆ ಕೂತು ಕುತ್ತಿಗೆಗೆ ಇನ್ನೂ ನಾಲ್ಕು ಹಾಕಿತು. ಕಾಲಿನ ಒದ್ದಾಟ ನಿಂತ ಮೇಲೂ ಒಂದು ಹಾಕಿತು. ಕರಡಿಗೆ ಅಷ್ಟು ಸಿಟ್ಟಿತ್ತು.

ಆಮೇಲೆ ಅದು ಕಪ್ಪು ಕಂಬಳಿಯನ್ನು ಹಣೆಯವರೆಗೆ ಎತ್ತಿ ಬೆವರು ಒರೆಸಿಕೊಂಡಿತು. ಒಂದೆರಡು ನಿಮಿಷ ಹಾಗೇ ಕೂತು ದಣಿವಾರಿಸಿಕೊಂಡಿತು. ಕಣಿವೆಯ ಅಂಚಿನಲ್ಲಿ, ಬಲು ಎತ್ತರದಲ್ಲಿ, ಮುಕ್ಕಾಲಿಯ ಮೇಲೆ ನಿಂತಿದ್ದ ಕ್ಯಾಮೆರಾದತ್ತ ನೋಡಿ ಹಲ್ಲು ಕಿರಿಯಿತು. ಮತ್ತೆ ಕಂಬಳಿ ಎಳೆದುಕೊಂಡು ನಾಲ್ಕು ಕಾಲಿನಲ್ಲಿ ಪೊದೆಯೊಳಗೆ ಹೋಯಿತು.

ಪೊದೆಯ ಆಚೆ ಎದ್ದು ನಿಂತವನು ಭಾಮೈದ, ಸತ್ತವನ ಹೆಂಡತಿಯ ಸ್ವಂತ ತಮ್ಮ. ಕೈಯಲ್ಲಿ ತೋಟದ ಮಣ್ಣು ಕೆದಕುವ ಕಬ್ಬಿಣದ ಉಗುರುಗಳಿದ್ದವು. ಅವನ್ನೂ ಕಂಬಳಿಯನ್ನೂ ಕಲ್ಲು ಕಟ್ಟಿ ಮಡುವಿಗೆ ಎಸೆದ. ಹಾವೂ ಸತ್ತಿತ್ತು, ಕೋಲೂ ಮುರಿದಿರಲಿಲ್ಲ.

ಕ್ಯಾಮೆರಾದ ಭಯ ಅವನಿಗಿರಲಿಲ್ಲ. ಅದೇ ಅವನ ಸಾಕ್ಷಿ. ಮೂವರೂ ಸೇರಿ ಛಾಯಾಗ್ರಹಣದ ಪತ್ರಿಕೆ ನಡೆಸುತ್ತಿದ್ದರು. ಲೆನ್ಸ್ ಪರೀಕ್ಷೆ ಭಾವನದು, ಕಾಡಿನ ಚಿತ್ರ ಭಾಮೈದನದು, ಬರಹ ಅಕ್ಕನದು. ಈ ಸಲ ಬಂದದ್ದು ಬೆಟ್ಟಕ್ಕೂ ಹುಲಿಗೂ ಒಂದೇ ಸಾಕು ಎನ್ನುವ ಜೂಮ್ ಲೆನ್ಸ್. ಹದಿನೆಂಟಕ್ಕಿಟ್ಟರೆ ಇಡೀ ಕಣಿವೆ, ನಾನೂರಕ್ಕಿಟ್ಟರೆ ಹಕ್ಕಿಯ ರೆಪ್ಪೆ. ಕುತ್ತಿಗೆಗೆ ನೇತುಹಾಕಿಕೊಂಡು ನಡೆದರೆ ಅದರ ಕೊಳವೆ ಇಳಿಬಿದ್ದು ಹೊಟ್ಟೆಗೆ ತಾಕುತ್ತಿತ್ತು. "ದಣಿದ ನಾಯಿ ನಾಲಿಗೆ ಚಾಚಿದ ಹಾಗಿದೆ ನೋಡೋ" ಎಂದು ಭಾವ ನಗುತ್ತಿದ್ದ, ಪಕ್ಕದ ಗುಂಡಿ ಒತ್ತಿ ಬೀಗ ಹಾಕುತ್ತಿದ್ದ.

ಆ ಬೆಳಿಗ್ಗೆ ಅವನು ಕ್ಯಾಮೆರಾವನ್ನು ಕೆಳಮುಖವಾಗಿ ಬಾಗಿಸಿ, ನಿಮಿಷಕ್ಕೊಂದು ಚಿತ್ರ ತೆಗೆಯುವಂತೆ ಕಟ್ಟಿ, ಲೆನ್ಸ್ ಪರೀಕ್ಷೆಯ ಚೌಕುಳಿ ಹಲಗೆ ಹಿಡಿದು ಬಿಳಿ ಬಂಡೆಗೆ ಇಳಿದಿದ್ದ. ಜ್ವರವೆಂದು ಡೇರೆಯಲ್ಲಿ ಮಲಗಿದ್ದ ಭಾಮೈದ ಎದ್ದು ಬಂದು ಲೆನ್ಸಿನ ಅಂಕಿಯ ಉಂಗುರ ನೋಡಿದ. ಹದಿನೆಂಟು. ಹಾಲು ಕುಡಿದಷ್ಟು ಸಂತೋಷವಾಯಿತು. ಹಿಂದಿನ ದಿನವೇ ಅವನು ಅಂಥ ಚಿತ್ರವೊಂದನ್ನು ಹಿಗ್ಗಿಸಿ ನೋಡಿದ್ದ. ಕೆಳಗಿನ ಮನುಷ್ಯನೆಂದರೆ ಒಂದು ಚುಕ್ಕೆ, ಮುಖವೆಂದರೆ ಅದೂ ಇಲ್ಲ. ಒಂದು ಚುಕ್ಕೆಯ ಮೇಲೆ ಕಪ್ಪು ಚುಕ್ಕೆ ಬಿದ್ದರೆ ಅದು ಕರಡಿಯೇ. ಕರಡಿ ಓಡಾಡುತ್ತಿದೆ ಎಂದು ಎಚ್ಚರಿಸಿದವನೂ ಅರಣ್ಯಾಧಿಕಾರಿಯೇ.

ಬ್ಯಾಗಿನಲ್ಲಿ ಭಾವನ ಪರೀಕ್ಷೆಗಳ ಪಟ್ಟಿ ಇತ್ತು. ಭಾಮೈದ ಅದನ್ನು ಎಂದೂ ಓದಿದವನಲ್ಲ. ಪಟ್ಟಿ ನೋಡಿ ಚಿತ್ರ ತೆಗೆಯುವವನು ಅಡುಗೆ ಪುಸ್ತಕ ಓದಿ ಹಸಿವು ಕಲಿತವನು ಎನ್ನುವುದು ಅವನ ಹಳೆಯ ತಮಾಷೆ.

ಕೊಲ್ಲುವಷ್ಟು ಸಿಟ್ಟಿಗೆ ಕಾರಣ ಒಂದು ಚಿರತೆ. ಅವನಿಗೆ ದೊಡ್ಡ ಬಹುಮಾನ ತಂದ ಆ ಚಿರತೆಯ ಹೊಟ್ಟೆಯಲ್ಲಿ ಹುಲ್ಲಿತ್ತು. ವಾರದ ಹಿಂದೆ ಚಿತ್ರ ಹಿಗ್ಗಿಸಿದ ಭಾವನಿಗೆ ಹೊಲಿಗೆ ಕಂಡಿತ್ತು.

"ನೀನೇ ಹೇಳ್ಬಿಡು ಕಣೋ. ಸೋಮವಾರದೊಳಗೆ. ಇಲ್ಲಾಂದ್ರೆ ನಾನು ಬರೀತೀನಿ."

"ಅಕ್ಕನ ಮುಖ ನೋಡಿಯಾದ್ರೂ ಬಿಡಿ ಭಾವ."

"ಅವಳ ಮುಖ ನೋಡಿಯೇ ಸೋಮವಾರದವರೆಗೆ ಬಿಟ್ಟಿರೋದು."

ಆ ದಿನ ಭಾನುವಾರ. ಹುಲ್ಲು ತುಂಬಿದ ಚಿರತೆಯಿಂದ ಹೆಸರು ಮಾಡಿದವನು ಕಂಬಳಿ ಹೊದ್ದ ಕರಡಿಯಿಂದ ಆ ಹೆಸರು ಉಳಿಸಿಕೊಳ್ಳಲು ಹೊರಟಿದ್ದ.

ಮಧ್ಯಾಹ್ನದ ಹೊತ್ತಿಗೆ ಅರಣ್ಯ ಕಚೇರಿಯಲ್ಲಿ ಎದೆ ಬಡಿದುಕೊಂಡು ಅತ್ತದ್ದಾಯಿತು. ಕ್ಯಾಮೆರಾವನ್ನು ತಾನು ಮುಟ್ಟಲಿಲ್ಲ. "ನೀವೇ ಹೋಗಿ ತನ್ನಿ ಸಾರ್. ಆ ಕಡೆ ನೋಡೋಕೂ ನನಗೆ ಧೈರ್ಯ ಇಲ್ಲ." ಕಾವಲುಗಾರರು ಹೆಣ ಹೊತ್ತು ತಂದರು. ಚಿತ್ರಗಳ ಕಾರ್ಡೂ ಬ್ಯಾಗೂ ಮೇಜಿನ ಮೇಲೆ ಬಂದವು. ಅಕ್ಕ ಬಂದಳು. ಅವಳು ಅಳಲಿಲ್ಲ. ಗಂಡನ ಒಡೆದ ಕನ್ನಡಕವನ್ನು ಮಡಿಲಲ್ಲಿಟ್ಟುಕೊಂಡು ಪರದೆಯ ಮುಂದೆ ಕೂತಳು.

ಅಧಿಕಾರಿ ಒಂದೊಂದೇ ಚಿತ್ರ ಒತ್ತುತ್ತಾ ಹೋದ. "ಏನ್ರೀ ಇದು, ಬರೀ ಬೆಟ್ಟ."

"ಮುಂದೆ ಹೋಗಿ ಸಾರ್. ಕಪ್ಪಗೆ ಬರುತ್ತೆ." ಭಾಮೈದ ನಾಲಿಗೆ ಕಚ್ಚಿಕೊಂಡ. "ಬಂದಿರಬೇಕು."

ಅಧಿಕಾರಿ ಅವನನ್ನೊಮ್ಮೆ ನೋಡಿ ಮತ್ತೆ ಒತ್ತಿದ.

ಐದನೆಯ ಚಿತ್ರದಲ್ಲಿ ಬಿಳಿ ಬಂಡೆ ಸಾಸಿವೆಯಷ್ಟಿತ್ತು. ಹದಿನೈದನೆಯದರಲ್ಲಿ ಕಡಲೆಯಷ್ಟು. ಕಣ್ಣಿನ ದೋಷವೆಂದುಕೊಂಡ ಭಾಮೈದ. ಇಪ್ಪತ್ತೈದನೆಯದರಲ್ಲಿ ನಿಂಬೆಯಷ್ಟಾಯಿತು, ಪಕ್ಕದಲ್ಲಿ ಹಲಗೆಯ ಚೌಕುಳಿ ಎಣಿಸಬಹುದಿತ್ತು. ಬಂಡೆ ಬೆಳೆಯುವುದಿಲ್ಲವಲ್ಲ.

"ಸಾಕು ಸಾರ್. ಇದನ್ನೆಲ್ಲ ಅಕ್ಕ ನೋಡೋದು ಬೇಡ."

ಅಕ್ಕ ಆಗಲೇ ಬ್ಯಾಗಿನಿಂದ ಪಟ್ಟಿ ತೆಗೆದಿದ್ದಳು. ಇಪ್ಪತ್ತು ವರ್ಷ ಅದನ್ನು ಅಚ್ಚುಕಟ್ಟಾಗಿ ಬರೆದುಕೊಟ್ಟವಳು ಅವಳೇ. ಆ ದಿನದ ದಿನಾಂಕ ಹಾಕಿದ್ದ ಸಾಲಿನ ಮೇಲೆ ಬೆರಳಿಟ್ಟು ಓದಿದಳು.

"ಪರೀಕ್ಷೆ ಒಂಬತ್ತು. ಬೀಗ ತೆಗೆದು, ಮುಖ ಕೆಳಗೆ ಮಾಡಿ, ಒಂದು ಗಂಟೆ ಬಿಡುವುದು. ಕೊಳವೆ ತನ್ನ ಭಾರಕ್ಕೆ ತಾನೇ ಜಾರುತ್ತದೆಯೇ? ಜಾರಿದರೆ, ಹದಿನೆಂಟರಿಂದ ಎಷ್ಟರವರೆಗೆ?"

ಭಾಮೈದ ಕುರ್ಚಿ ಉರುಳಿಸಿ ಎದ್ದ. ಬಾಗಿಲಲ್ಲಿ ಇಬ್ಬರು ಕಾವಲುಗಾರರು ನಿಂತಿದ್ದರು.

"ಒತ್ತಿ ಸಾರ್," ಎಂದಳು ಅಕ್ಕ, ಪೆನ್ನಿನ ಮುಚ್ಚಳ ತೆಗೆಯುತ್ತಾ. "ಇದಕ್ಕೆ ಉತ್ತರ ನಾನೇ ಬರೀಬೇಕು."

ನಲವತ್ತೆರಡನೆಯ ಚಿತ್ರದಲ್ಲಿ ಕರಡಿ ಕಂಬಳಿ ಎತ್ತಿ, ಕೋಣೆಯಲ್ಲಿದ್ದವರನ್ನೆಲ್ಲ ನೋಡಿ ಹಲ್ಲು ಕಿರಿಯುತ್ತಿತ್ತು.