ನಡುನೀರಿನ ಸದ್ದು

ತನ್ನ ಭಾವ ಒಗೂತುವಿನ ದೋಣಿಯ ಮೋಟಾರು ಕೆಡಿಸುತ್ತಿರುವವಳು ಅಡೋಯೊ ಎಂಬುದರಲ್ಲಿ ವಸೋಂಗನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಸರೋವರದ ನಡುವಿನ ದ್ವೀಪದಿಂದ ಎಂಬಿಟಾ ದಡಕ್ಕೆ ಅವನು ಬಂದದ್ದೇ ಅದನ್ನು ಜನರೆದುರು ಹೇಳಲಿಕ್ಕೆ.

"ಭಾವನ ದೋಣಿ ಎಲ್ಲಾ ಕಡೆಗೂ ಬೆಣ್ಣೆ ಹಾಗೆ ಹೋಗತ್ತೆ. ನನ್ನ ತಂಗಿ ಮನೆ ಕಡೆ ಹೊರಟ್ರೆ ಮಾತ್ರ ನಡುನೀರಲ್ಲಿ ಟಕ್ ಟಕ್! ಏನಕ್ಕಾ, ಮೋಟಾರಿಗೂ ಸವತಿ ಮತ್ಸರ ಕಲಿಸಿದ್ಯಾ?"

ಮೀನು ಒಣಹಾಕುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅಡೋಯೊ ಒಗೂತುವಿನ ಹಿರಿಯ ಹೆಂಡತಿ. ಕಿರಿಯವಳು ವಸೋಂಗನ ತಂಗಿ. ದ್ವೀಪದಲ್ಲಿ ಅವಳ ಮನೆಯ ಮಾಡಿನ ಹುಲ್ಲು ಹಾರಿಹೋಗಿತ್ತು, ಹೊಲ ಅಗೆಯದೆ ಬಿದ್ದಿತ್ತು. ಒಗೂತು ಒಬ್ಬನೇ ಹೊರಡುತ್ತಿದ್ದ, ಅರ್ಧ ದಾರಿಯಿಂದ ಒಬ್ಬನೇ ಮರಳುತ್ತಿದ್ದ.

ಈಗ ಅವನು ಮರದಡಿ ಕೂತು ಉಗಾಲಿ ಮುದ್ದೆಯನ್ನು ಮೀನಿನ ಸಾರಿಗೆ ಅದ್ದುತ್ತಿದ್ದ.

"ಜಗಳ ಯಾಕೆ ಮಾರಾಯ? ಹಳೇ ಮೋಟಾರು, ನನ್ನ ಹಣೆಬರಹ. ಬಿಚ್ಚೋದು ಗಿಚ್ಚೋದು ಏನೂ ಬೇಡ."

ಆದರೆ ಅಡೋಯೊ ಆಗಲೇ ಮೆಕ್ಯಾನಿಕ್ ಒಬಿಯೆರೊನನ್ನು ಕರೆತಂದಾಗಿತ್ತು.

ಒಬಿಯೆರೊ ಮೋಟಾರಿನ ಕಾಲನ್ನು ನೀರು ತುಂಬಿದ ಡ್ರಮ್ಮಿಗೆ ಇಳಿಸಿ ಹಗ್ಗ ಎಳೆದ. ಟಕ್, ಟಕ್, ಟಕ್. ಒಂದು ಪ್ಲಗ್ಗಿನ ವೈರ್ ಕಿತ್ತ. ಮೋಟಾರು ಕುಂಟಿತು, ಸದ್ದು ಬದಲಾಗಲಿಲ್ಲ. ಅದನ್ನು ಸಿಕ್ಕಿಸಿ ಇನ್ನೊಂದನ್ನು ಕಿತ್ತ. ಆಗಲೂ ಅದೇ ಸದ್ದು.

"ಪಿಸ್ಟನ್ ಅಲ್ಲ," ಎಂದು ಮೋಟಾರು ನಿಲ್ಲಿಸಿದ.

ಮೇಲಿನ ಮುಚ್ಚಳ ತೆಗೆದು ಫ್ಲೈವೀಲ್ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದ. ಅದು ಮುದುಕಿಯ ಹಲ್ಲಿನಂತೆ ಅಲ್ಲಾಡಿತು. ನಟ್ಟು ಸಡಿಲವಾಗಿತ್ತು. ನಟ್ಟಿನ ಮೂಲೆಗಳಲ್ಲಿ ಹೊಸ ಗೀರುಗಳಿದ್ದವು.

"ಇದು ತಾನಾಗಿ ಸಡಿಲ ಆಗಿದ್ದಲ್ಲ. ಯಾರೋ ಸ್ಪ್ಯಾನರ್ ಹಾಕಿದಾರೆ."

ಎಲ್ಲರೂ ಅಡೋಯೊ ಕಡೆ ತಿರುಗಿದರು. ವಸೋಂಗ ಚಪ್ಪಾಳೆ ತಟ್ಟಿದ. "ಭಲೇ ಅಕ್ಕಾ! ಗಂಡನ್ನ ಕಟ್ಟಿಹಾಕೋಕೆ ಹಗ್ಗ ಸಿಗಲಿಲ್ವಾ?"

ಒಗೂತು ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತಿದ್ದ.

ಒಬಿಯೆರೊ ಚಕ್ರದಡಿಯ ಸವೆದ ವಾಷರ್ ಬಿಲ್ಲೆ ತೆಗೆದು ಹೊಸದು ಕೂರಿಸಿದ. ನಟ್ಟು ಬಿಗಿಯುತ್ತಾ ದನಿ ತಗ್ಗಿಸಿದ. "ಅಕ್ಕಾ, ನಡುನೀರಲ್ಲಿ ಚಕ್ರ ಕಿತ್ಕೊಂಡ್ರೆ ಆಳೇ ಹೋಗ್ತಾನೆ. ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ?"

"ಗಟ್ಟಿಯಾಗಿ ಬಿಗಿದ್ಯಾ?" ಅವಳು ಕೇಳಿದ್ದು ಅಷ್ಟೇ.

ಮೋಟಾರು ಮತ್ತೆ ಶುರುವಾಯಿತು. ಟಕ್ ಟಕ್ ಸದ್ದಿಲ್ಲದೆ, ನುಣ್ಣಗೆ ಓಡಿತು. ಒಗೂತುವಿನ ಕೈಯಲ್ಲಿದ್ದ ತುತ್ತು ಬಾಯಿಯ ಬಳಿಯೇ ನಿಂತಿತು.

"ಇವತ್ತು ಗಾಳಿ ಜೋರಿದೆ," ಎಂದ.

"ಎಲೆಯೂ ಅಲ್ಲಾಡ್ತಿಲ್ಲ ಭಾವ. ಏಳು, ಅಲ್ಲಿ ಗುದ್ದಲಿ ಕಾಯ್ತಿದೆ. ನಾನು ನನ್ನ ದೋಣೀಲಿ ಮುಂದೆ ಹೋಗಿರ್ತೀನಿ."

ಅಡೋಯೊ ತನ್ನ ಬಟ್ಟೆಯ ಗಂಟು ಬಿಚ್ಚಿ ಒಂದು ಬೀಗ ತೆಗೆದಳು. ಮೋಟಾರಿನ ಮುಚ್ಚಳ ತೆರೆಯದಂತೆ ಅದನ್ನು ಕೊಂಡಿಗೆ ಸಿಕ್ಕಿಸುವಂತೆ ಒಬಿಯೆರೊನಿಗೆ ಹೇಳಿದಳು.

ವಸೋಂಗ ಹೊಟ್ಟೆ ಹಿಡಿದು ನಕ್ಕ. "ಕಳ್ಳಿಯೇ ಬೀಗ ಹಾಕಿಸ್ತಾಳೆ ನೋಡ್ರೋ! ಕೀಲಿ ಮತ್ತೆ ನಿನ್ನ ಗಂಟಿಗೇ ತಾನೇ?"

ಅಡೋಯೊ ಕೀಲಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಸಿದಳು.

"ನಿನ್ನ ತಂಗಿಗೆ ಕೊಡಪ್ಪಾ, ಅವಳೂ ಸ್ವಲ್ಪ ದಿನ ಅವನಿಗೆ ಮುದ್ದೆ ಬಡಿಸ್ಲಿ, ನಿನ್ನ ಭಾವನ ಕೈಗೆ ಮಾತ್ರ ಕೊಡ್ಬೇಡ, ನಡುನೀರಲ್ಲಿ ನಟ್ಟು ಬಿಚ್ಚೋಕೆ ಆ ದೋಣೀಲಿ ಅವನನ್ನ ಬಿಟ್ರೆ ಇನ್ಯಾರಿರ್ತಾರೆ?"