ಹಿಂದಿನ ಸೀಟಿನ ಸದ್ದು

ಕಾರಿನ ಚಕ್ರದಿಂದ ಕಳಚಿದ ಬ್ರೇಕ್ ಡ್ರಮ್ಮನ್ನೇ ಹಿಡಿಕೆಯಂತೆ ಮಗುಚಿ ಸಿಕ್ಕಿಸಿ ಇಬ್ಬರೂ ಮತ್ತೊಮ್ಮೆ ಜಗ್ಗಿದಾಗ, ಬೆಳಗಿನಿಂದ ಮಿಸುಕದಿದ್ದ ಆಕ್ಸಲ್ ಕಿತ್ತು ಬಂತು. ಎರ್ಮೆಕ್ ಹಿಂದಕ್ಕೆ ಬಿದ್ದು ಗ್ಯಾರೇಜಿನ ನೆಲದ ಮೇಲೆ ಕುಳಿತುಬಿಟ್ಟ. ಸುಟ್ಟು ನೀಲಿಗಟ್ಟಿದ ಬೇರಿಂಗಿನ ಗುಂಡುಗಳು ಉದುರಿ ಅವನ ಕಾಲ ಬಳಿ ಉರುಳಿದವು.

ಮೆಕ್ಯಾನಿಕ್ ಜೋಲ್ದೋಶ್ ಒಂದನ್ನು ಎತ್ತಿ ಉಗುರಿನಿಂದ ಕೆರೆದ. "ಇದು ಹೋದ ಚಳಿಗಾಲದಿಂದ ಗೋಳಾಡ್ತಾ ಇದೆ ಕಣೋ. ಕಿವಿಗೆ ಹತ್ತಿ ಇಟ್ಕೊಂಡು ಓಡಿಸ್ತಿದ್ಯಾ?"

"ಮುಂದೆ ಏನೂ ಕೇಳಿಸ್ತಿರಲಿಲ್ಲ ಅಣ್ಣ. ಪಕ್ಕದಲ್ಲಿ ಅಮ್ಮ ಕೂತಿರ್ತಿದ್ರು, ಅವರೂ ಏನಿಲ್ಲ ಅಂತಿದ್ರು."

"ಮುಂದೆ ಎಲ್ಲಿ ಕೇಳುತ್ತೆ? ಇದು ಬಲಗಡೆ ಹಿಂದಿನ ಚಕ್ರ. ಇದರ ಮೇಲೆ ಕೂರೋರು ಯಾರು?"

ಎರ್ಮೆಕ್ ಉದುರಿದ ಗುಂಡುಗಳನ್ನು ಒಂದೊಂದಾಗಿ ಆರಿಸತೊಡಗಿದ. ಅತ್ತೆ ಮುಂದೆ ಕುಳಿತಿರುವಾಗ ಸೊಸೆ ಕೂರುತ್ತಿದ್ದದ್ದು ಅಲ್ಲೇ. ನರೀನ್ ಪೇಟೆಗೆ ಹೋಗುವಾಗಲೆಲ್ಲ ಅವನ ಹೆಂಡತಿ ಬುರುಲ್ ಅಲ್ಲಿಂದ ಮುಂದಕ್ಕೆ ಬಾಗಿ, "ಕೆಳಗೆ ಏನೋ ಅರೆಯೋ ಸದ್ದು ಬರ್ತಿದೆ, ಒಂದ್ಸಲ ನಿಲ್ಸಿ ನೋಡಿ" ಎನ್ನುತ್ತಿದ್ದಳು. "ಇವಳಿಗೆ ಯಾವಾಗ್ಲೂ ಏನಾದ್ರೊಂದು ಕೇಳಿಸ್ತಾನೇ ಇರುತ್ತೆ" ಎನ್ನುತ್ತಿದ್ದರು ಅಮ್ಮ. ಅವನು ನಕ್ಕು ರೇಡಿಯೊದ ದನಿ ಏರಿಸುತ್ತಿದ್ದ.

ಹಿಮ ಕರಗಿದ ಮೇಲೆ, ಅವಳು ಇನ್ನು ಇಲ್ಲಿರಲಾರೆ ಎಂದಾಗ, ಗಂಟುಮೂಟೆ ಸಮೇತ ಅವಳನ್ನು ತವರಿಗೆ ಬಿಟ್ಟು ಬಂದವನೂ ಅವನೇ. ಅಂದು ಅಮ್ಮ ಬಂದಿರಲಿಲ್ಲ, ಮುಂದಿನ ಸೀಟು ಖಾಲಿಯಿತ್ತು. ಆದರೂ ಬುರುಲ್ ಹಿಂದೆಯೇ ಕುಳಿತಳು. ದಾರಿಯುದ್ದಕ್ಕೂ ಸದ್ದಿನ ಮಾತನ್ನೇ ಎತ್ತಲಿಲ್ಲ. ಅದು ತಾನಾಗಿಯೇ ಸರಿಹೋಗಿರಬೇಕು ಎಂದುಕೊಂಡು ಅವನು ನೆಮ್ಮದಿಯಾಗಿ ಕಾರು ಓಡಿಸಿದ್ದ.