ಮುಚ್ಚುವ ಗುಂಡಿ

ಡಿಸೈನರುಗಳಿಗೆ ವೆಬ್‌ಸೈಟ್ ಕಟ್ಟುವುದನ್ನು ಕಲಿಸುವ ತರಗತಿಯಲ್ಲಿ ಅಂದು ಕೊನೆಯ ಪರೀಕ್ಷೆ. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರು ಗುಟ್ಟಾಗಿ ಸಹಾಯ ಕೇಳುವ ಪುಟವನ್ನು ಎಲ್ಲರೂ ಮಾಡಿ ತಂದಿದ್ದರು. ಮೂಲೆಯಲ್ಲೊಂದು ಕೆಂಪು ಗುಂಡಿ. ಯಾರಾದರೂ ಬಂದಾಗ ಅದನ್ನು ಒತ್ತಿದರೆ ಆ ಪುಟ ಮರೆಯಾಗಿ, ಅಡುಗೆಯ ಪುಟ ಕಾಣಬೇಕು.

ಗುಂಡಿ ಒತ್ತಿದಾಗ ಎಲ್ಲರ ಪುಟಗಳೂ ಹೂವಿನ ದಳದಂತೆ ಮೆಲ್ಲಗೆ ಮಡಚಿಕೊಂಡವು. ಮೇಷ್ಟ್ರು ತಲೆದೂಗಿದರು. ಹಿಂದಿನ ಸಾಲಿನಾಕೆಯದು ಮಾತ್ರ ಒತ್ತಿದ್ದೇ ತಡ ಮಾಯವಾಯಿತು.

“ಇದೇನಮ್ಮ, ವಾರವಿಡೀ ಕಲಿಸಿದ ಮಡಚೋ ಅನಿಮೇಶನ್ ಎಲ್ಲಿ?”

“ಹಾಕಿದ್ದೆ ಸರ್. ತೆಗೆದುಬಿಟ್ಟೆ.”

“ಅದಿಲ್ದೆ ಸರ್ಟಿಫಿಕೇಟ್ ಕೊಡೋಕಾಗಲ್ಲ. ಇಲ್ಲೇ ಕೂತು ಹಾಕಿ.”

“ಸರ್ಟಿಫಿಕೇಟ್ ಇಲ್ದಿದ್ರೆ ನನಗೆ ಕೆಲಸ ಸಿಗಲ್ಲ ಸರ್. ಬೇರೆ ಯಾವ ಪುಟಕ್ಕಾದ್ರೂ ಹಾಕ್ತೀನಿ. ಇದಕ್ಕೆ ಬೇಡ.”

“ಒಂದೇ ಒಂದು ಸೆಕೆಂಡು ತಗೊಳ್ಳುತ್ತೆ. ನೋಡೋಕೆ ಎಷ್ಟು ಚೆಂದ. ನಿಮಗೇನು ಕಷ್ಟ?”

ಆಕೆ ಪರದೆಯಿಂದ ಕಣ್ಣೆತ್ತಲಿಲ್ಲ.

“ನಿನ್ನೆ ಮನೇಲಿ ಒತ್ತಿ ನೋಡಿದೆ ಸರ್. ಅದು ಪೂರ್ತಿ ಮಡಚ್ಕೊಳ್ಳೋದ್ರೊಳಗೆ ನಮ್ಮನೆಯವರು ಬೆನ್ನ ಹಿಂದೆ ಬಂದು ನಿಂತಿದ್ರು.”